ಕಪ್ಪು ಗೊಂಬೆಗೆ ಬಿಳಿ ಅಂಗಿ ತೊಡಿಸಿದ ಬಗೆ

ಈ ಬಾರಿಯ ದಸರೆಗೆ ನಮ್ಮ ಮನೆಯ ಗೊಂಬೆ ಮೆಟ್ಟಿಲುಗಳ ಮುಂದೆ, ನೆಲದ ಮೇಲೆ, ಜಂಬೂಸವಾರಿಯ ಮೆರವಣಿಗೆಯೊಂದನ್ನು ಜೋಡಿಸಬೇಕೆಂದು ತೀರ್ಮಾನವಾದಾಗ ಅಟ್ಟದ ಪೆಟ್ಟಿಗೆಗಳಲ್ಲಿ ಆನೆ ಸಿಕ್ಕಿತು, ಅಂಬಾರಿ ಸಿಕ್ಕಿತು, ನಾದಸ್ವರದವರೂ ಕುದುರೆ ಸವಾರರೂ ಸಿಕ್ಕರು; ನುಗ್ಗುವ ಜನರನ್ನು ಹಗ್ಗದ ಆಚೆ ತಡೆದು ನಿಲ್ಲಿಸುವ ಟ್ರಾಫಿಕ್ ಪೊಲೀಸ್ ಮಾತ್ರ ಎಲ್ಲಿಯೂ ಇರಲಿಲ್ಲ. ಅವನಿಲ್ಲದೆ ಮೆರವಣಿಗೆ ಹೊರಡುವುದಿಲ್ಲವೆಂದು ಅಕ್ಕನ ಮಗಳು ಹಟ ಹಿಡಿದಳು. ನನ್ನ ಬಳಿ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ, ಸುಮಾರು 15 ಸೆಂಟಿಮೀಟರ್ ಎತ್ತರದ, ಕೈಕಾಲುಗಳ ಕೀಲು ಮಡಚುವ ಕಮಾಂಡೊ ಗೊಂಬೆಯೊಂದು ಇತ್ತು. ಅದರ ಬೂಟಿನಿಂದ ಶಿರಸ್ತ್ರಾಣದವರೆಗೆ ಎಲ್ಲವೂ ಕಪ್ಪು ಪ್ಲಾಸ್ಟಿಕ್. ಅದಕ್ಕೆ ಬೇಕಾಗಿದ್ದದ್ದು ಬಿಳಿ ಅಂಗಿ, ಖಾಕಿ ಪ್ಯಾಂಟು ಮತ್ತು ನಾವು ಚಿಕ್ಕಂದಿನಿಂದ ವೃತ್ತಗಳಲ್ಲಿ ಕಂಡ, ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿದ ಬಿಳಿ ಟೋಪಿ. ಆನೆಗೂ ಪೊಲೀಸನಿಗೂ ಅಳತೆ ಹೊಂದುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯ ಶೆಟ್ಟಿ ಗೊಂಬೆ ಮೊದಲಿನಿಂದಲೂ ಆನೆಗಿಂತ ದಪ್ಪಗಿದೆ.

ಕಪ್ಪಿನ ಮೇಲೆ ಬಿಳಿ ಹಚ್ಚುವುದು ಗೊಂಬೆಗಳ ಮರುಬಣ್ಣದಲ್ಲಿ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದೆಂದು ಓದಿ ತಿಳಿದಿದ್ದೆನಾದರೂ, ಮಾಡಿ ತಿಳಿದಿರಲಿಲ್ಲ. ಮೂರು ವಾರಗಳ ಕೆಲಸದಲ್ಲಿ ಮೊದಲ ವಾರ ಪೂರ್ತಿ ನಷ್ಟವಾಯಿತು. ಆ ನಷ್ಟದಿಂದಲೇ ಆರಂಭಿಸುತ್ತೇನೆ.

ಮೊದಲ ಪ್ರಯತ್ನ

ಒಂದು ಶನಿವಾರ ಸಂಜೆ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕರಕುಶಲ ಕೆಲಸಕ್ಕೆಂದು ಮನೆಯಲ್ಲಿದ್ದ ಬಿಳಿ ಆಕ್ರಿಲಿಕ್ ಬಣ್ಣವನ್ನು ಬಾಟಲಿಯಿಂದ ಹಾಗೆಯೇ ತೆಗೆದು ಹಚ್ಚಿದೆ. ಬಣ್ಣ ದಪ್ಪವಾಗಿದ್ದರೆ ಬೇಗ ಮುಚ್ಚುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಅಂಗಿಯ ಮಡಿಕೆಗಳ ಏಣುಗಳ ಮೇಲೆ ಬಣ್ಣ ನಿಲ್ಲಲೇ ಇಲ್ಲ, ಅಲ್ಲೆಲ್ಲ ಕಪ್ಪು ಇಣುಕಿತು. ಮಡಿಕೆಗಳ ತಗ್ಗುಗಳಲ್ಲಿ ಮಾತ್ರ ಮೊಸರಿನಂತೆ ಕೂಡಿಕೊಂಡಿತು. ಹತ್ತು ನಿಮಿಷ ಬಿಟ್ಟು ಎರಡನೆಯ ಪದರ ಹಚ್ಚಲು ಹೋದಾಗ ಕುಂಚ ಮೊದಲನೆಯ ಪದರವನ್ನೇ ಕಿತ್ತು ಎಳೆದುಕೊಂಡು ಹೋಯಿತು. ಕಿತ್ತ ಜಾಗಕ್ಕೆ ಮತ್ತಷ್ಟು ಬಣ್ಣ ತುಂಬಿದೆ. ರಾತ್ರಿಯ ಹೊತ್ತಿಗೆ ಗೊಂಬೆ ಮಳೆಯಲ್ಲಿ ನೆನೆದ ಸುಣ್ಣದ ಗೋಡೆಯ ಹಾಗೆ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಭುಜವನ್ನು ಒಮ್ಮೆ ತಿರುಗಿಸಿದ್ದೇ ತಡ, ತೋಳಿನ ಬಿಳಿಯೆಲ್ಲ ರಬ್ಬರಿನ ಸಿಪ್ಪೆಯಂತೆ ಎದ್ದು ಬಂದಿತು.

ತಪ್ಪು ಒಂದಲ್ಲ, ನಾಲ್ಕಾದರೂ ಇದ್ದವು. ಎಲ್ಲಕ್ಕಿಂತ ಮುಖ್ಯವಾದದ್ದು ಬಿಳಿ ಬಣ್ಣ ಯಾವ ರೀತಿಯಲ್ಲಿ ಮುಚ್ಚುತ್ತದೆ ಎಂಬುದನ್ನು ನಾನು ಯೋಚಿಸದೇ ಇದ್ದದ್ದು. ಕಪ್ಪು ಬಣ್ಣ ಬೆಳಕನ್ನು ನುಂಗಿ ಮುಚ್ಚುತ್ತದೆ, ಆದ್ದರಿಂದ ತೆಳುವಾಗಿದ್ದರೂ ಸಾಕಾಗುತ್ತದೆ. ಬಿಳಿ ಹಾಗಲ್ಲ, ಅದರೊಳಗಿನ ಪುಡಿಯ ಕಣಗಳು ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸಬೇಕು, ಚದುರದೆ ಒಳಗೆ ಇಳಿದ ಬೆಳಕನ್ನು ಕೆಳಗಿನ ಕಪ್ಪು ನುಂಗಿಬಿಡುತ್ತದೆ. ಚದುರಿಸುವ ಶಕ್ತಿ ಕಣಕ್ಕೂ ಅದನ್ನು ಹಿಡಿದಿಡುವ ಅಂಟಿಗೂ ಇರುವ ವಕ್ರೀಭವನ ಸೂಚ್ಯಂಕದ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆಯ, ಅಂತರವನ್ನು ಅವಲಂಬಿಸಿದೆ. ಒಳ್ಳೆಯ ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್‌ನ ಸೂಚ್ಯಂಕ ಸುಮಾರು 2.7, ಆಕ್ರಿಲಿಕ್ ಅಂಟಿನದು ಸುಮಾರು 1.5. ಅಗ್ಗದ ಬಣ್ಣಗಳಲ್ಲಿ ತೂಕ ತುಂಬಲು ಬೆರೆಸುವ ಸೀಮೆಸುಣ್ಣದ ಪುಡಿಯದು ಸುಮಾರು 1.6, ಅಂದರೆ ಅಂಟಿನೊಳಗೆ ಅದು ಬಹುಮಟ್ಟಿಗೆ ಪಾರದರ್ಶಕ. ಗೋಡೆಗೆ ಸುಣ್ಣ ಬಳಿದವರಿಗೆ ಇದು ಹೊಸದಲ್ಲ: ಒದ್ದೆಯಾಗಿದ್ದಾಗ ಹಳೆಯ ಕಲೆಗಳೆಲ್ಲ ಕಾಣುತ್ತವೆ, ನೀರು ಆರಿ ಕಣಗಳ ನಡುವೆ ಗಾಳಿ ಸೇರಿದ ಮೇಲಷ್ಟೇ ಗೋಡೆ ಬೆಳ್ಳಗಾಗುತ್ತದೆ. ಆಕ್ರಿಲಿಕ್‌ನಲ್ಲಿ ನೀರು ಆರಿದರೂ ಅಂಟು ಉಳಿಯುತ್ತದೆ, ಆದ್ದರಿಂದ ಅದರಲ್ಲಿ ಸಿಕ್ಕಿಕೊಂಡ ಸೀಮೆಸುಣ್ಣಕ್ಕೆ ಬೆಳ್ಳಗಾಗುವ ಅವಕಾಶವೇ ಇಲ್ಲ. ಎಷ್ಟು ದಪ್ಪ ಹಚ್ಚಿದರೂ ಕುಂಚದ ಗೆರೆಗಳ ತಗ್ಗಿನಲ್ಲಿ ಪದರ ತೆಳುವಾಗಿಯೇ ಇರುತ್ತದೆ, ಮತ್ತು ಕಣ್ಣು ಮೊದಲು ಹಿಡಿಯುವುದು ಆ ಪಟ್ಟೆಗಳನ್ನೇ.

ಕಿತ್ತು ಬರುವುದಕ್ಕೆ ಕಾರಣ ಬೇರೆ. ಆಕ್ರಿಲಿಕ್ ಒಣಗುವುದು ಎರಡು ಹಂತಗಳಲ್ಲಿ. ಮೊದಲು ನೀರು ಹೋಗುತ್ತದೆ, ಆಮೇಲೆ ಅಂಟಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಇವೆರಡರ ನಡುವಿನ ಹೊತ್ತಿನಲ್ಲಿ ಮುಟ್ಟಿದರೆ ಅದು ಬಣ್ಣವೂ ಅಲ್ಲ ಪೊರೆಯೂ ಅಲ್ಲ, ಕಾಯಿಸಿದ ಹಾಲಿನ ಕೆನೆಯಂತೆ ಎಳೆದಲ್ಲಿಗೆ ಬರುತ್ತದೆ. ನಾನು ಎರಡನೆಯ ಪದರ ಹಚ್ಚಿದ್ದು ಸರಿಯಾಗಿ ಅದೇ ಹೊತ್ತಿನಲ್ಲಿ.

ಬಣ್ಣ ತೆಗೆದು, ಬಿಚ್ಚಿ, ತೊಳೆದು

ಭಾನುವಾರ, ಹಚ್ಚಿದ್ದೆಲ್ಲವನ್ನೂ ತೆಗೆಯಲು ಕುಳಿತೆ. ಇಂಥ ಗೊಂಬೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ಲಾಸ್ಟಿಕ್ ಇರುತ್ತದೆ: ಉಗುರಿನಿಂದ ತಟ್ಟಿದರೆ ಟಕ್ ಎನ್ನುವ ಗಟ್ಟಿ ಎಬಿಎಸ್, ಒತ್ತಿದರೆ ಸ್ವಲ್ಪ ಬಾಗುವ ಮೆದು ಪಿವಿಸಿ. ನನ್ನ ಗೊಂಬೆಯ ಎದೆ, ತೋಳು ಮತ್ತು ತೊಡೆ ಎಬಿಎಸ್. ತಲೆ, ಮುಂಗೈ ಮತ್ತು ಸೊಂಟಪಟ್ಟಿ ಪಿವಿಸಿ. ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿದರೆ ಕೆಲಸ ಬೇಗ ಆಗುತ್ತದೆ ಎಂದು ಹೇಳುವವರಿದ್ದಾರೆ. ಬಣ್ಣ ಬೇಗ ಹೋಗುತ್ತದೆ ನಿಜ, ಅದರ ಜೊತೆಗೆ ಎಬಿಎಸ್ ಕೂಡ ಕರಗಿ ಹೋಗುತ್ತದೆ. ನಾನು ಬಳಸಿದ್ದು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದಾಗ ನನ್ನ ಬಿಳಿಯೆಲ್ಲ ಚೂರುಚೂರಾಗಿ ಎದ್ದಿತು. ಕಾರ್ಖಾನೆಯಲ್ಲಿ ಮುದ್ರಿಸಿದ್ದ ಬೂದು ಗೆರೆಗಳೂ ಬಹುಪಾಲು ಹೋದವು. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕುಳಿತು, ಕೈಗವಸು ಹಾಕಿಕೊಂಡು ಮಾಡಬೇಕಾದ ಕೆಲಸ ಇದು.

ಬಿಡಿಭಾಗಗಳನ್ನು ಬೇರ್ಪಡಿಸದೆ ಬಣ್ಣ ಹಚ್ಚಿದ್ದು ನನ್ನ ಇನ್ನೊಂದು ತಪ್ಪು. ಕುದಿಸಿ ಇಳಿಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಪಿವಿಸಿ ಮೆತ್ತಗಾಗುತ್ತದೆ, ಆಗ ತಲೆ, ಮುಂಗೈ ಮತ್ತು ಸೊಂಟಪಟ್ಟಿಗಳನ್ನು ಮುರಿಯದೆ ಎಳೆದು ತೆಗೆಯಬಹುದು. ಎಬಿಎಸ್ ತೋಳು ಅಷ್ಟು ಸುಲಭವಾಗಿ ಜಗ್ಗಲಿಲ್ಲ. ಅದನ್ನು ತೆಗೆಯಲು ಹೋಗಿ ಕೀಲಿನ ಮೊಳೆ ಮುರಿದುಕೊಳ್ಳುವ ಬದಲು ಅಲ್ಲಿಯೇ ಬಿಟ್ಟೆ.

ಅದೇ ಹೊತ್ತಿನಲ್ಲಿ ಕೀಲುಗಳನ್ನು ತೇಯ್ದುಕೊಂಡೆ. ಬಣ್ಣ ಎಷ್ಟೇ ನಯವಾಗಿ ಕುಳಿತರೂ ಅದಕ್ಕೆ ದಪ್ಪವಿದೆ, ಮತ್ತು ಕಾರ್ಖಾನೆಯವರು ಕೀಲುಗಳ ನಡುವೆ ಆ ದಪ್ಪಕ್ಕೆ ಜಾಗ ಬಿಟ್ಟಿರುವುದಿಲ್ಲ. ನನ್ನ ಅಳತೆಗೋಲು ಬಹಳ ಸರಳ: ಮುದ್ರಣಕ್ಕೆ ಬಳಸುವ ಸಾಮಾನ್ಯ ಬಿಳಿ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಅದರಿಂದ ಕತ್ತರಿಸಿದ ಪಟ್ಟಿ ಕೀಲಿನ ಸಂದಿಯಲ್ಲಿ ತಡೆಯಿಲ್ಲದೆ ಹಾದು ಬರುವವರೆಗೆ 400 ಸಂಖ್ಯೆಯ ಉಪ್ಪುಕಾಗದದಿಂದ ತೇಯುವುದು, ಆಮೇಲೆ 800ರಿಂದ ನಯ ಮಾಡುವುದು. ಭುಜಕ್ಕೆ ಅರ್ಧ ಗಂಟೆ, ಮೊಣಕೈಗೆ ಮುಕ್ಕಾಲು ಗಂಟೆ ಹಿಡಿಯಿತು. ಎಡ ಮೊಣಕೈಯಲ್ಲಿ ಪಟ್ಟಿ ಸ್ವಲ್ಪ ಬಿಗಿಯಾಗಿಯೇ ಹೋಗುತ್ತಿತ್ತು. ಸಾಕೆಂದು ಬಿಟ್ಟೆ. ಅದರ ಕತೆ ಕೊನೆಯಲ್ಲಿ ಬರುತ್ತದೆ.

ಟೋಪಿಯನ್ನು, ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಎಂ-ಸೀಲ್‌ನಿಂದ ಮಾಡಿದೆ. ಎರಡೂ ಭಾಗಗಳನ್ನು ಸಮನಾಗಿ ನಾದಿ, ಶಿರಸ್ತ್ರಾಣದ ಮೇಲೆಯೇ ರೊಟ್ಟಿಯಂತೆ ಹರಡಿ, ಒದ್ದೆ ಬೆರಳಿನಿಂದ ತೀಡಿ, ಎಡಬದಿಯ ಅಂಚನ್ನು ಎತ್ತಿ ನಿಲ್ಲಿಸಿದೆ. ಗಟ್ಟಿಯಾದ ಮೇಲೆ ತೇಯುವುದು ಬೇಸರದ ಕೆಲಸ ಎನ್ನುವುದನ್ನು ಬಿಟ್ಟರೆ ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ಕೊನೆಗೆ ಸ್ನಾನ. ಅಚ್ಚಿನಿಂದ ಗೊಂಬೆ ಸುಲಭವಾಗಿ ಬಿಟ್ಟುಬರಲೆಂದು ಕಾರ್ಖಾನೆಯಲ್ಲಿ ಬಳಸುವ ಜಿಡ್ಡಿನ ಅಂಶ ಮೇಲ್ಮೈಯಲ್ಲಿ ಉಳಿದಿರಬಹುದು. ಅದಕ್ಕೆ ನಮ್ಮ ಬೆರಳಿನ ಎಣ್ಣೆ ಸೇರಿಕೊಳ್ಳುತ್ತದೆ. ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಎಲ್ಲ ಭಾಗಗಳನ್ನೂ ಉಜ್ಜಿ, ಎರಡು ಬಾರಿ ಜಾಲಿಸಿ, ನೆರಳಿನಲ್ಲಿ ಒಣಗಲು ಬಿಟ್ಟೆ. ಅಲ್ಲಿಂದ ಮುಂದೆ ಗೊಂಬೆಯನ್ನು ಬರಿಗೈಯಿಂದ ಮುಟ್ಟಲಿಲ್ಲ. ಪ್ರತಿ ಭಾಗದ ರಂಧ್ರಕ್ಕೂ ಬಿದಿರಿನ ಕಡ್ಡಿ ಸಿಕ್ಕಿಸಿ, ಕಡ್ಡಿಗಳನ್ನು ಥರ್ಮೋಕೋಲ್ ತುಂಡಿಗೆ ಚುಚ್ಚಿ ನಿಲ್ಲಿಸಿದೆ. ಕೈಗಳು ಒಂದು ಕಡೆ, ತಲೆ ಒಂದು ಕಡೆ, ಮುಂಡ ಒಂದು ಕಡೆ ನಿಂತಿದ್ದ ಆ ದೃಶ್ಯವನ್ನು ನೋಡಿ ಅಮ್ಮ, ಹಬ್ಬದ ಮನೆಯಲ್ಲಿ ಇದೇನು ಎಂದು ಗದರಿದರು.

ಬಿಳಿಗೆ ಮೊದಲು ಬೂದು

ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು ಮತ್ತು ಹುಣಿಸೆಬೀಜದ ಅಂಟನ್ನು ಕಲಸಿ ಮಾಡಿದ ಕಿಟ್ಟವನ್ನು ಮೊದಲು ಮೈಗೆಲ್ಲ ಸವರುತ್ತಾರೆ, ಅದರ ಮೇಲೆ ಬಟ್ಟೆಯ ತುಂಡುಗಳನ್ನು ಅಂಟಿಸುತ್ತಾರೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣದ ಸರದಿ ಬರುವುದು ಆಮೇಲೆ. ನನ್ನ ಮೊದಲ ಪ್ರಯತ್ನದಲ್ಲಿ ಇಲ್ಲದಿದ್ದದ್ದು ಈ ನೆಲಗಟ್ಟು. ಪ್ಲಾಸ್ಟಿಕ್‌ಗೆ ಆ ಕೆಲಸವನ್ನು ಪ್ರೈಮರ್ ಮಾಡುತ್ತದೆ: ಜಾರುವ ಮೇಲ್ಮೈಗೆ ಅಂಟಿಕೊಂಡು, ಮೇಲಿನ ಬಣ್ಣಕ್ಕೆ ಹಿಡಿತ ಕೊಡುವ ಸಣ್ಣ ಒರಟುತನವನ್ನು ಒದಗಿಸುತ್ತದೆ.

ಯಾವ ಪ್ರೈಮರ್ ಎಂಬ ಪ್ರಶ್ನೆಗೆ ಪಿವಿಸಿಯೇ ಉತ್ತರ ಹೇಳುತ್ತದೆ. ಪಿವಿಸಿಯನ್ನು ಮೆದುವಾಗಿಡಲು ಬೆರೆಸಿದ ದ್ರವ ನಿಧಾನವಾಗಿ ಮೇಲಕ್ಕೆ ಜಿನುಗುತ್ತಿರುತ್ತದೆ. ಕೆಲವು ಸ್ಪ್ರೇ ಡಬ್ಬಿಗಳ ದ್ರಾವಕ ಮತ್ತು ಈ ದ್ರವ ಸೇರಿದರೆ ಬಣ್ಣ ತಿಂಗಳುಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ನನ್ನಲ್ಲಿದ್ದ ಸ್ಪ್ರೇ ಡಬ್ಬಿಯನ್ನು ಸೊಂಟಪಟ್ಟಿಯ ಒಳಮೈಗೆ ಒಂದು ಚುಕ್ಕಿಯಷ್ಟು ಹೊಡೆದು ಎರಡು ದಿನ ಕಾದೆ. ಬೆರಳು ಅಂಟಿತು. ಆದ್ದರಿಂದ ನೀರಿನಲ್ಲಿ ಬೆರೆಯುವ ಪಾಲಿಯುರಿಥೇನ್ ಬಗೆಯ ಬೂದು ಪ್ರೈಮರ್ ತಂದು, ಬಣ್ಣವನ್ನು ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್ ಅನ್ನು ಗೆಳೆಯನೊಬ್ಬನಿಂದ ಎರವಲು ಪಡೆದೆ. ಅದಕ್ಕೆ 0.3 ಮಿಲಿಮೀಟರ್ ಮೂತಿ ಇತ್ತು, ಒತ್ತಡವನ್ನು 20 ಪಿಎಸ್‌ಐಗೆ ಇಟ್ಟೆ.

ಏರ್‌ಬ್ರಷ್ ಇದ್ದರೆ ನಯ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಹತ್ತು ನಿಮಿಷದಲ್ಲಿ ಹೋಯಿತು. ಹೆದರಿ ಬಹಳ ದೂರದಿಂದ ಹೊಡೆದದ್ದರಿಂದ ಹನಿಗಳು ಗಾಳಿಯಲ್ಲಿಯೇ ಅರ್ಧ ಒಣಗಿ, ರವೆ ಉದುರಿಸಿದಂತೆ ಬೆನ್ನಿನ ಮೇಲೆ ಕುಳಿತವು. ಹತ್ತಿರ ತಂದಾಗ ಒಂದೇ ಕಡೆ ನಿಲ್ಲಿಸಿದ್ದರಿಂದ ಹನಿಗಳು ಜೇಡನ ಕಾಲಿನಂತೆ ನಾಲ್ಕೂ ಕಡೆ ಓಡಿದವು. ಆ ಭಾಗವನ್ನು ಒರೆಸಿ, ಪ್ರೈಮರನ್ನು ಹಾಲಿನ ಹದಕ್ಕೆ ತಂದು, ನಾಲ್ಕೈದು ಬೆರಳಿನಷ್ಟು ಅಂತರದಲ್ಲಿ, ಗೊಂಬೆಯ ಹೊರಗೆ ಆರಂಭಿಸಿ ಹೊರಗೇ ಮುಗಿಯುವಂತೆ ಕೈ ಬೀಸಿದಾಗ ಸರಿಹೋಯಿತು. ಮೇಲ್ಮೈ ಕ್ಷಣಕಾಲ ಒದ್ದೆಯಾಗಿ ಮಿನುಗಿ ತಕ್ಷಣ ಮಂಕಾಗಬೇಕು. ಮಿನುಗದಿದ್ದರೆ ದೂರವಾಯಿತು, ಮಿನುಗುತ್ತಲೇ ಇದ್ದರೆ ಹೆಚ್ಚಾಯಿತು. ಎರಡು ತೆಳು ಪದರಗಳಲ್ಲಿ ಕಪ್ಪು ಪೂರ್ತಿ ಮಾಯವಾಯಿತು.

ಬಿಳಿ ಪ್ರೈಮರ್ ಏಕೆ ಬೇಡವೆಂದರೆ, ಕಪ್ಪಿನ ಮೇಲೆ ಬಿಳಿಗಿರುವ ಕಷ್ಟವೇ ಬಿಳಿ ಪ್ರೈಮರ್‌ಗೂ ಇದೆ. ಬೂದು ಬಣ್ಣದಲ್ಲಿ ಚದುರಿಸುವ ಬಿಳಿಯೂ ನುಂಗುವ ಕಪ್ಪೂ ಇರುವುದರಿಂದ ಅದು ಬೇಗ ಮುಚ್ಚುತ್ತದೆ. ಕಪ್ಪಿನಿಂದ ಬಿಳಿಗೆ ಒಂದೇ ನೆಗೆತ ಹಾರುವ ಬದಲು ಬೂದು, ತಿಳಿಬೂದು, ಮಾಸಲು ಬಿಳಿ ಎಂದು ಮೆಟ್ಟಿಲು ಹತ್ತಿದರೆ, ಪ್ರತಿ ಬಣ್ಣವೂ ತನಗಿಂತ ಸ್ವಲ್ಪವೇ ಕಪ್ಪಾದದ್ದನ್ನು ಮುಚ್ಚಿದರೆ ಸಾಕಾಗುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಒಂದೇ ಒಂದು ಸಂಗತಿಯನ್ನು ಹೇಳೆಂದರೆ ಇದನ್ನೇ ಹೇಳುತ್ತೇನೆ: ಬಿಳಿಯ ಗುಣ ಬಿಳಿಯ ಬಾಟಲಿಯಲ್ಲಿಲ್ಲ, ಅದರ ಕೆಳಗೆ ಏನಿದೆ ಎಂಬುದರಲ್ಲಿದೆ.

ಆರು ತೆಳು ಪದರಗಳು

ತೋಳು, ಕಾಲರ್, ಜೇಬುಗಳ ಅಂಚುಗಳಲ್ಲಿ ಏರ್‌ಬ್ರಷ್ ಹಿಡಿಯುವಷ್ಟು ಕೈ ನನಗೆ ಪಳಗಿರಲಿಲ್ಲ. ಆದ್ದರಿಂದ ಅಂಗಿಯನ್ನು ಕುಂಚದಿಂದಲೇ ಮಾಡಲು ನಿರ್ಧರಿಸಿದೆ. ಈ ಬಾರಿ ಚಿಕಣಿ ಗೊಂಬೆಗಳಿಗೆಂದೇ ತಯಾರಿಸುವ, ಪುಡಿ ಬಹಳ ನುಣ್ಣಗಿರುವ ಆಕ್ರಿಲಿಕ್ ಕೊಂಡೆ. 17 ಮಿಲಿಲೀಟರ್‌ನ ಪುಟ್ಟ ಬಾಟಲಿಗೆ ಕೊಟ್ಟ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ.

ಬಣ್ಣ ತೆಳುವಾಗಿಸುವುದಕ್ಕೆ ಬರೀ ನೀರು ಹಾಕುತ್ತಾ ಹೋದರೆ ಅಂಟಿನ ಪ್ರಮಾಣ ಕಡಿಮೆಯಾಗಿ ಪೊರೆ ದುರ್ಬಲವಾಗುತ್ತದೆ, ಬಣ್ಣ ಒಡೆದ ಹಾಲಿನಂತೆ ತಗ್ಗುಗಳಿಗೆ ಇಳಿದು ಅಂಚಿನಲ್ಲಿ ಉಂಗುರ ಕಟ್ಟುತ್ತದೆ. ಆದ್ದರಿಂದ ಎರಡು ಹನಿ ಬಣ್ಣಕ್ಕೆ ಒಂದು ಹನಿ ನೀರು, ಒಂದು ಹನಿ ಬಣ್ಣರಹಿತ ಆಕ್ರಿಲಿಕ್ ಮೀಡಿಯಂ (ಬಣ್ಣದ ಪುಡಿ ಇಲ್ಲದ ಅಂಟು) ಎಂಬ ಲೆಕ್ಕ ಹಿಡಿದೆ. ಹದ ಸರಿಯಾಗಿದೆಯೇ ಎಂದು ನೋಡಲು ಹಳೆಯ ದಿನಪತ್ರಿಕೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ: ಬಣ್ಣದ ಕೆಳಗೆ ಅಕ್ಷರಗಳು ಮಂಜಿನಲ್ಲಿ ಕಂಡಂತೆ ಓದಲು ಬರಬೇಕು, ಗೆರೆಯಲ್ಲಿ ಕೂದಲಿನ ಗುರುತು ಇರಬಾರದು. ಅಕ್ಷರ ಪೂರ್ತಿ ಮುಚ್ಚಿದರೆ ಬಣ್ಣ ದಪ್ಪವಾಗಿದೆ ಎಂದು ಅರ್ಥ. ಹರಿವು ಹೆಚ್ಚಲೆಂದು ಪಾತ್ರೆ ತೊಳೆಯುವ ದ್ರವವನ್ನು ಒಂದು ತೊಟ್ಟು ಬೆರೆಸಿಯೂ ನೋಡಿದೆ. ಬಣ್ಣ ಹರಿಯಿತು, ಜೊತೆಗೆ ನೊರೆಗುಳ್ಳೆಗಳು ಒಡೆದ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿದವು. ಅದನ್ನು ಮತ್ತೆ ಮಾಡಲಿಲ್ಲ.

ಬಣ್ಣವನ್ನು ತಟ್ಟೆಯಲ್ಲಿ ಇಟ್ಟರೆ ಕಾಲು ಗಂಟೆಯಲ್ಲಿ ಕೆನೆ ಕಟ್ಟುತ್ತದೆ, ಆ ಕೆನೆಯ ಚೂರುಗಳೇ ಆಮೇಲೆ ಅಂಗಿಯ ಮೇಲೆ ಗುಳ್ಳೆಗಳಾಗಿ ಕಾಣುತ್ತವೆ. ಮಿಠಾಯಿ ಡಬ್ಬಿಯೊಂದರಲ್ಲಿ ಒದ್ದೆ ಸ್ಪಂಜು ಹರಡಿ, ಅದರ ಮೇಲೆ ಬೇಕಿಂಗ್ ಕಾಗದ ಹಾಸಿ, ಬಣ್ಣವನ್ನು ಆ ಕಾಗದದ ಮೇಲೆ ಬೆರೆಸಿದೆ. ಕೆಳಗಿನ ತೇವ ಕಾಗದದ ಮೂಲಕ ಬರುತ್ತಿರುವುದರಿಂದ ಮುಚ್ಚಳ ಹಾಕಿಟ್ಟರೆ ಬಣ್ಣ ಮರುದಿನವೂ ಹಾಗೆಯೇ ಇರುತ್ತದೆ. ಮೇಣ ಹಚ್ಚಿದ ಕಾಗದ ಇದಕ್ಕೆ ಬಾರದು, ತೇವವನ್ನು ಬಿಡುವುದಿಲ್ಲ.

ಕುಂಚವನ್ನು ಅದ್ದಿದ ಮೇಲೆ ಬಟ್ಟೆಗೆ ಒಮ್ಮೆ ತಾಗಿಸಿ ಹೆಚ್ಚಿನದನ್ನು ತೆಗೆಯುವುದು ಇಡೀ ಕೆಲಸದಲ್ಲಿ ಅತ್ಯಂತ ಸಣ್ಣ ಅಭ್ಯಾಸ, ಅತ್ಯಂತ ಹೆಚ್ಚು ಫಲ ಕೊಟ್ಟದ್ದೂ ಅದೇ. ಚಪ್ಪಟೆ ಕುಂಚವನ್ನು ಮಲಗಿಸಿ ಹಿಡಿದು, ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಯವರೆಗಿನ ಜಾಗವನ್ನು ಒಂದೇ ದಿಕ್ಕಿನಲ್ಲಿ ಎಳೆದು ಮುಗಿಸುತ್ತಿದ್ದೆ. ಎಳೆತದ ಕೊನೆಯಲ್ಲಿ ಬಣ್ಣ ಸ್ವಲ್ಪ ಹೆಚ್ಚಾಗಿ ನಿಲ್ಲುತ್ತದೆ. ಆದ್ದರಿಂದ ಬೆಳಕು ಬೀಳುವ ಏಣಿನ ಕಡೆಗೆ ಎಳೆತ ಮುಗಿಸಿದರೆ ಅಲ್ಲಿ ಬಿಳಿ ದಟ್ಟವಾಗಿ, ತಗ್ಗಿನಲ್ಲಿ ನಸುಬೂದಾಗಿ ಉಳಿದು, ಮಡಿಕೆಯ ನೆರಳು ತಾನಾಗಿಯೇ ಮೂಡುತ್ತದೆ. ಎಳೆದ ಮೇಲೆ ಅಲ್ಲೊಂದು ತಪ್ಪು ಕಂಡರೂ ಹಿಂದಿರುಗಿ ಮುಟ್ಟಬಾರದು. ಇದನ್ನು ಬರೆಯುವುದು ಸುಲಭ. ಕಣ್ಣೆದುರಿಗೆ ಕೂದಲೆಳೆಯಷ್ಟು ಜಾಗ ಬಿಟ್ಟುಹೋಗಿರುವಾಗ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿರುವುದು ಸುಲಭವಲ್ಲ.

ತಿಳಿಬೂದು ಎರಡು ಪದರ. ಅದರ ಮೇಲೆ, ಬಿಳಿಗೆ ಸೂಜಿಮೊನೆಯಷ್ಟು ಕಂದು ಮತ್ತು ಬೂದು ಸೇರಿಸಿ ಮಾಡಿದ ಮಾಸಲು ಬಿಳಿ ನಾಲ್ಕು ಪದರ. ಆರನ್ನೂ ಹಚ್ಚುವುದಕ್ಕೆ ಮೂರು ಸಂಜೆ ಹಿಡಿಯಿತು, ಏಕೆಂದರೆ ಆ ವಾರ ಮಳೆ ಬಿಡಲಿಲ್ಲ. ಕೋಣೆಯ ತೇವಾಂಶಮಾಪಕ 80 ಶೇಕಡಾದ ಆಸುಪಾಸಿನಲ್ಲಿಯೇ ಇತ್ತು, ಬೇಸಿಗೆಯಲ್ಲಿ ಕಾಲು ಗಂಟೆಗೆ ಒಣಗುವ ಪದರ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿ ಸ್ವಲ್ಪ ನೆರವಾಯಿತು. ಬಿಸಿ ಗಾಳಿ ಮೇಲಿನ ಪೊರೆಯನ್ನು ಮಾತ್ರ ಒಣಗಿಸಿ ಕೆಳಗಿನದನ್ನು ಹಸಿಯಾಗಿ ಬಿಡುತ್ತದೆ. ಮಾಸಲು ಬಿಳಿಯ ಮೊದಲ ಪದರದ ನಂತರ ಅಂಗಿ ನೀರುಹಾಲು ಚೆಲ್ಲಿದಂತೆ ಇತ್ತು, ಎರಡನೆಯದರ ನಂತರವೂ ಅಂಥ ಭರವಸೆಯೇನೂ ಹುಟ್ಟಲಿಲ್ಲ. ಮೂರನೆಯದು ಒಣಗಿದಾಗ ಬೂದು ಇದ್ದಕ್ಕಿದ್ದಂತೆ ಹಿಂದೆ ಸರಿದು ಬಟ್ಟೆ ಮುಂದೆ ಬಂದಿತು. ದಪ್ಪ ಬಣ್ಣ ಹಚ್ಚುವವರು ಸೋಲುವುದು ಸಾಮಾನ್ಯವಾಗಿ ಎರಡನೆಯ ಪದರದ ಹತಾಶೆಯಲ್ಲಿಯೇ ಇರಬೇಕು.

ಮೂರನೆಯ ಮತ್ತು ನಾಲ್ಕನೆಯ ಪದರಗಳ ನಡುವೆ ಒಂದು ರಾತ್ರಿ ಬಿಟ್ಟು, 2000ದ ಉಪ್ಪುಕಾಗದದ ತುಂಡನ್ನು ನೀರಿನಲ್ಲಿ ಅದ್ದಿ, ಬೆನ್ನಿನ ಮೇಲೆ ಕುಳಿತಿದ್ದ ಧೂಳಿನ ಕಣಗಳನ್ನು ಬೆರಳಿನ ಭಾರವೂ ಬೀಳದಂತೆ ಸವರಿ ತೆಗೆದೆ. ಇದನ್ನು ಎಬಿಎಸ್ ಭಾಗಗಳಲ್ಲಿ ಮಾತ್ರ ಮಾಡಿದೆ. ಮೆದು ಪಿವಿಸಿಯನ್ನು ತೇಯಲು ಹೋದರೆ ನುಣುಪಾಗುವ ಬದಲು ನವಿರೇಳುತ್ತದೆ. ಅಪ್ಪಟ ಬಿಳಿಯನ್ನು ಒಂದೇ ಒಂದು ಪದರ, ಕಾಲರ್‌ನ ಅಂಚು, ಜೇಬಿನ ಮುಚ್ಚಳ ಮತ್ತು ಮಡಿಕೆಗಳ ಏಣುಗಳಿಗೆ ಮಾತ್ರ ಬಳಸಿದೆ. ಇಡೀ ಅಂಗಿಗೆ ಅದನ್ನೇ ಹಚ್ಚಿದ್ದರೆ ಅದಕ್ಕಿಂತ ಬೆಳ್ಳಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

ಕುಂಚದ ಗುರುತಿನ ಬಗ್ಗೆ ಇಷ್ಟೆಲ್ಲ ಒದ್ದಾಡುವಾಗ ಚನ್ನಪಟ್ಟಣದ ಕುಶಲಕರ್ಮಿಗಳ ಮೇಲೆ ಹೊಟ್ಟೆಕಿಚ್ಚು ಬಂದದ್ದು ಸುಳ್ಳಲ್ಲ. ಅಲ್ಲಿ ಕುಂಚವೇ ಇಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಸುತ್ತಲೂ ಸಮನಾಗಿ ಹರಡುತ್ತದೆ, ತಾಳೆಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಆದರೆ ಲೇತಿನಲ್ಲಿ ತಿರುಗುವುದು ಉರುಟು ಗೊಂಬೆ. ಜೇಬು, ಗುಂಡಿ, ಮೀಸೆ ಇರುವ ಪೊಲೀಸನನ್ನು ತಿರುಗಿಸಲಾಗದು.

ಖಾಕಿ, ಮುಖ, ಮತ್ತು ಮಂಜು

ಖಾಕಿ ಎರಡೇ ಪದರಕ್ಕೆ ಮುಗಿಯಿತು. ಹಳದಿ ಓಕರ್, ಕಂದು ಅಂಬರ್‌ನಂಥ ಕಬ್ಬಿಣದ ಆಕ್ಸೈಡ್ ಬಣ್ಣಗಳು ತಾವಾಗಿಯೇ ಚೆನ್ನಾಗಿ ಮುಚ್ಚುತ್ತವೆ. ಅವಕ್ಕೆ ಸ್ವಲ್ಪ ಬಿಳಿ, ಹನಿಯ ಕಾಲುಭಾಗದಷ್ಟು ಹಸಿರು ಸೇರಿಸಿದರೆ ಸಮವಸ್ತ್ರದ ಬಣ್ಣ ಬಂದಿತು. ಬೆರೆಸಿ ಮಾಡಿದ ಬಣ್ಣವನ್ನು ಬೇಕಾದದ್ದಕ್ಕಿಂತ ಹೆಚ್ಚೇ ಮಾಡಿ ಖಾಲಿ ಔಷಧಿ ಸೀಸೆಯಲ್ಲಿ ತುಂಬಿಟ್ಟೆ, ಮಾಸಲು ಬಿಳಿಯನ್ನೂ ಹಾಗೆಯೇ. ಹಸಿ ಆಕ್ರಿಲಿಕ್‌ನಲ್ಲಿ ಅಂಟು ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ತಿಳಿಯಾಗುವುದರಿಂದ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಹಸಿಯಲ್ಲಿ ಸರಿಹೊಂದಿಸಿ ಎರಡನೆಯ ಬಾರಿ ಅದೇ ಬಣ್ಣ ತರಲು ನನ್ನಿಂದ ಎಂದೂ ಆಗಿಲ್ಲ.

ಸೊಂಟದ ಗೆರೆಗೆ ಅಂಟುಪಟ್ಟಿ ಹಚ್ಚಿ, ಅದರ ಅಂಚಿನ ಮೇಲೆ ಮೊದಲು ಮಾಸಲು ಬಿಳಿಯನ್ನೇ ಸವರಿ, ಆಮೇಲೆ ಖಾಕಿ ಹಚ್ಚಿದೆ. ಪಟ್ಟಿಯ ಕೆಳಗೆ ಏನಾದರೂ ಜಿನುಗಿದರೆ ಅದು ಬಿಳಿಯೇ ಆಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಮುಖಕ್ಕೆ ಮೂರು ಪದರ. ಮೀಸೆಗೆ ಒಂದೇ ಉಸಿರು.

ವಾರ್ನಿಷ್‌ನ ದಿನ ಮಾತ್ರ ನನ್ನ ಅವಸರವೇ ನನ್ನನ್ನು ಕೆಡಿಸಿತು. ನವರಾತ್ರಿಗೆ ಆರು ದಿನ ಉಳಿದಿತ್ತು, ಸಂಜೆ ಮಳೆ ನಿಂತಂತೆ ಕಂಡಿತು, ಬಾಲ್ಕನಿಯಲ್ಲಿ ನಿಂತು ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್‌ನ ಸ್ಪ್ರೇ ಹೊಡೆದೆ. ಐದು ನಿಮಿಷದಲ್ಲಿ ಖಾಕಿ ಪ್ಯಾಂಟಿನ ಮೇಲೆ ಬೂದಿ ಬಳಿದಂತೆ ಬಿಳಿ ಮಂಜು ಕಟ್ಟಿತು. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವ ತುಂಬಿದ ಗಾಳಿಯ ನೀರು ಆ ತಂಪಿನ ಮೇಲೆ ಇಬ್ಬನಿಯಂತೆ ಕುಳಿತು ವಾರ್ನಿಷ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಮಂಜು ಅಂಗಿಯ ಮೇಲೂ ಇತ್ತು, ಬಿಳಿಯ ಮೇಲೆ ಬಿಳಿ ಕಾಣಲಿಲ್ಲ ಅಷ್ಟೆ. ಆ ರಾತ್ರಿ ಎಲ್ಲವನ್ನೂ ಮತ್ತೆ ಆಲ್ಕೊಹಾಲ್‌ಗೆ ಹಾಕುವ ಯೋಚನೆ ಬಂದಿತ್ತು. ಮರುದಿನ ಮಧ್ಯಾಹ್ನ, ಪೂರ್ತಿ ಒಣಗಿದ ಮೇಲೆ, ನೀರಿನಲ್ಲಿ ಬೆರೆಯುವ ಹೊಳಪು ವಾರ್ನಿಷ್ ಅನ್ನು ಕುಂಚದಿಂದ ತೆಳುವಾಗಿ ಹಚ್ಚಿ ನೋಡಿದೆ. ಮಂಜಿನ ಸೂಕ್ಷ್ಮ ಗುಳಿಗಳಲ್ಲಿ ಅದು ತುಂಬಿಕೊಂಡಂತೆ ಖಾಕಿ ಕಣ್ಣೆದುರಿಗೇ ಮರಳಿ ಬಂದಿತು. ಬಲ ಮೊಣಕಾಲಿನ ಹಿಂದೆ ಬೆರಳಗುರುತಿನಷ್ಟು ಜಾಗದಲ್ಲಿ ಮಾತ್ರ ಇನ್ನೂ ಬೂದಿ ಇದೆ. ಎರಡು ದಿನ ಬಿಟ್ಟು, ಬಿಸಿಲು ಬಿದ್ದ ಮಧ್ಯಾಹ್ನ, ಮ್ಯಾಟ್ ಅನ್ನು ಈ ಬಾರಿ ಸ್ಪ್ರೇ ಬದಲು ಏರ್‌ಬ್ರಷ್‌ನಿಂದ, ನೀರಿನ ಬಗೆಯದನ್ನೇ ಹೊಡೆದು ಹೊಳಪನ್ನು ಇಳಿಸಿದೆ.

ಲೆಕ್ಕ ಹಾಕಿದರೆ ಅಂಗಿಯ ಏಣುಗಳ ಮೇಲೆ ಪ್ರೈಮರ್‌ನಿಂದ ಹಿಡಿದು ಹನ್ನೆರಡು ಪದರಗಳಿವೆ. ಹಾಗಿದ್ದರೂ ಗುಂಡಿಗಳ ಸುತ್ತಲಿನ ಹೊಲಿಗೆಯ ಗೆರೆ ಇನ್ನೂ ಕಾಣುತ್ತದೆ. ಮೊದಲ ಪ್ರಯತ್ನದ ಮೂರು ದಪ್ಪ ಪದರಗಳಲ್ಲಿ ಗುಂಡಿಗಳೇ ಮುಳುಗಿಹೋಗಿದ್ದವು.

ಜೋಡಿಸಿದ ಮೇಲೆ ಎರಡು ದಿನ ಕೀಲು ಮುಟ್ಟದೆ ಇಟ್ಟು, ಬಲಗೈಯನ್ನು ಅಂಗೈ ತೋರಿಸಿ ತಡೆಯುವ ಭಂಗಿಗೆ ತಂದು, ಇನ್ನು ಇದನ್ನು ಅಲ್ಲಾಡಿಸಬಾರದೆಂದು ಹೇಳಿ ಆನೆಯ ಮುಂದೆ ನಿಲ್ಲಿಸಿದೆ. ಅಕ್ಕನ ಮಗಳು ಅದನ್ನು ಕೈಗೆತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಎಡಗೈಯನ್ನೂ ಮಡಚಿ ಬಾಯಿಯ ಹತ್ತಿರ ತಂದದ್ದು. ಸೀಟಿ ಊದಬೇಕಲ್ಲ ಎಂದಳು. ಭುಜ ಸಲೀಸಾಗಿ ತಿರುಗಿತು, ಬಲ ಮೊಣಕೈಗೂ ಏನೂ ಆಗಲಿಲ್ಲ. ಕಾಗದದ ಪಟ್ಟಿ ಬಿಗಿಯಾಗಿ ಹೋಗಿದ್ದ ಎಡ ಮೊಣಕೈಯಲ್ಲಿ ಮಾತ್ರ ಕೂದಲೆಳೆಯಷ್ಟು ಕಪ್ಪು ಗೆರೆ ಎದ್ದಿತು. ಗೊಂಬೆಗಳನ್ನು ಇಳಿಸಿದ ಮೇಲೆ ಅಲ್ಲಿ ಇನ್ನಷ್ಟು ತೇಯ್ದು ಮುಚ್ಚಬೇಕು. ಮಾಸಲು ಬಿಳಿಯ ಸೀಸೆ ಇನ್ನೂ ಅರ್ಧ ಉಳಿದಿದೆ.